ಕೆಂಪು ಕಣ್ಣುಗಳ ಆಲ್ಬಮ್

ಪ್ರತಿ ವರ್ಷ ದೀಪಾವಳಿಗೆ ಮುನ್ನ ಕಳಂಬೋಲಿಯ ನಮ್ಮ ಸಿಡ್ಕೋ ಮನೆಯ ಅಟ್ಟದಿಂದ ತಗಡಿನ ಟ್ರಂಕೊಂದು ಕೆಳಗಿಳಿಯುತ್ತದೆ. ಧೂಳು ಒರೆಸುವ ನೆಪದಲ್ಲಿ ಅದನ್ನು ತೆರೆದವರು ಅರ್ಧ ದಿನ ಅಲ್ಲಿಂದ ಏಳುವುದಿಲ್ಲ. ಒಳಗಿರುವುದು ನಾಲ್ಕು ಆಲ್ಬಮ್‌ಗಳು, ನೆಗೆಟಿವ್‌ಗಳ ಲಕೋಟೆಗಳು, ಕೆಟ್ಟುಹೋದ ಒಂದು ಕೊಡ್ಯಾಕ್ ಕೆಬಿ 10 ಕ್ಯಾಮೆರಾ. ಆಲ್ಬಮ್ಮಿನ ಪುಟಗಳನ್ನು ತಿರುವಿದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ನಮ್ಮವರ ಕಣ್ಣುಗಳು ಕೆಂಡದಂತೆ ಹೊಳೆಯುತ್ತಿರುತ್ತವೆ. ಇನ್ನು ಕೆಲವು ಚಿತ್ರಗಳಲ್ಲಿ ಕಣ್ಣುಗಳು ಅಸಹಜವಾಗಿ ಕಪ್ಪಾಗಿವೆ. ಈ ಬರಹ ಆ ಕಪ್ಪಿನ ಕುರಿತದ್ದು. ಆದರೆ ಕೆಂಪಿನ ಕತೆ ಹೇಳದೆ ಕಪ್ಪಿನ ಕತೆ ಹೇಳಲಾಗದು.

ಆಗ ನಾವು ಅವಿಭಕ್ತ ಕುಟುಂಬ. ಅಣ್ಣ ಇಲ್ಲಿಯ ಲೋಖಂಡ ಬಜಾರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ. ಆಯಿ ಕುಮಟೆಯಿಂದ ವರ್ಷಕ್ಕೆರಡು ಬಾರಿ ಬಂದು ಹೋಗುತ್ತಿದ್ದಳು. ಒಂದು ಕೋಣೆ, ಒಂದು ಅಡುಗೆಮನೆ, ಒಟ್ಟು ಆರು ಜನ. ಮುಂಬಯಿ ನಗರಕ್ಕಿಲ್ಲದ ಲೋಡ್ ಶೆಡ್ಡಿಂಗ್ ಖಾಡಿಯ ಈಚೆಗಿನ ನಮಗಿತ್ತು. ಸಂಜೆಯ ಹೊತ್ತಿಗೆ ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಖಚಿತವಿರಲಿಲ್ಲ. ಅಣ್ಣನ ಮಗಳ ಮೊದಲ ಹುಟ್ಟುಹಬ್ಬ, 2005ರ ಬೇಸಿಗೆಯಲ್ಲಿ, ನಡೆದದ್ದು ಹೀಗೆಯೇ: ಎರಡು ಮೇಣದ ಬತ್ತಿ, ಒಂದು ಕೇಕು, ಗೋಡೆಗೆ ಒರಗಿ ಕುಳಿತ ನೆರೆಹೊರೆಯವರು, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಆಯಿ.

ಕೆಂಪು ಕಣ್ಣಿಗೆ ಇದಕ್ಕಿಂತ ಪ್ರಶಸ್ತವಾದ ಸನ್ನಿವೇಶ ಇನ್ನೊಂದಿಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು. ಕತ್ತಲಲ್ಲಿ ಕಣ್ಣಿನ ಪಾಪೆ ಬೆಳಕನ್ನು ಅರಸಿ ಅಗಲವಾಗಿ ತೆರೆದುಕೊಳ್ಳುತ್ತದೆ. ಮಕ್ಕಳಲ್ಲಂತೂ ಇನ್ನೂ ಅಗಲವಾಗಿ. ಪಾಪೆ ಕುಗ್ಗಲು ಕ್ಷಣವೊಂದರ ಬಿಡುವಾದರೂ ಬೇಕು. ಫ್ಲ್ಯಾಶ್ ಅಷ್ಟು ಕಾಯುವುದಿಲ್ಲ. ತೆರೆದ ಬಾಗಿಲಿನಿಂದ ನುಗ್ಗಿದ ಬೆಳಕು ಅಕ್ಷಿಪಟಲವನ್ನು ದಾಟಿ, ಅದರ ಹಿಂದಿರುವ ರಕ್ತನಾಳಗಳ ದಟ್ಟ ಪದರವನ್ನು ಮುಟ್ಟಿ, ಕೆಂಪಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸಣ್ಣ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಇರುವುದು ಮಸೂರದ ಮಗ್ಗುಲಲ್ಲೇ ಆದ್ದರಿಂದ, ಹಿಂದಿರುಗಿದ ಬೆಳಕು ನೇರವಾಗಿ ಫಿಲ್ಮಿಗೆ ಬೀಳುತ್ತದೆ. ಸ್ಟುಡಿಯೋದವರು ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರ, ಕೊಡೆಯ ಕೆಳಗೆ ನಿಲ್ಲಿಸುವುದರಿಂದ ಅವರ ಚಿತ್ರಗಳಲ್ಲಿ ಈ ತೊಂದರೆಯಿಲ್ಲ. ರಾತ್ರಿ ಘಟ್ಟದ ರಸ್ತೆಯಲ್ಲಿ ಬಸ್ಸಿನ ದೀಪಕ್ಕೆ ದನದ ಕಣ್ಣು ಹಸಿರಾಗಿ ಮಿನುಗುವುದನ್ನು ನಾವೆಲ್ಲ ಕಂಡವರೇ. ಅದು ಬೇರೆ. ದನ, ಬೆಕ್ಕುಗಳ ಕಣ್ಣಿನ ಹಿಂದೆ ಬೆಳಕನ್ನು ಹಿಂದಿರುಗಿಸಲೆಂದೇ ಕನ್ನಡಿಯಂಥ ಪದರವೊಂದಿರುತ್ತದೆ. ಮನುಷ್ಯನಿಗೆ ಆ ಕನ್ನಡಿಯಿಲ್ಲ. ನಮ್ಮ ಕಣ್ಣಿನಲ್ಲಿ ಕಾಣುವುದು ನಮ್ಮ ರಕ್ತದ ಬಣ್ಣ.

ಇದೇ ತತ್ತ್ವದಿಂದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದ. ನೋಡುವವನ ದೃಷ್ಟಿಯೂ ಬೆಳಕೂ ಒಂದೇ ದಾರಿಯಲ್ಲಿ ಸಾಗಿದರೆ ಪಾಪೆಯ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಬೆಳಗುತ್ತದೆ. ವೈದ್ಯರು ನೂರೆಪ್ಪತ್ತು ವರ್ಷಗಳಿಂದ ಬೇಕೆಂದೇ ಹುಡುಕುವ ಹೊಳಪನ್ನು ನಾವು ಛಾಯಾಚಿತ್ರದ ದೋಷವೆಂದು ಕರೆದೆವು.

ಹುಟ್ಟುಹಬ್ಬದ ಫಿಲ್ಮಿನ ಮೂವತ್ತಾರು ಚಿತ್ರ ಮುಗಿದು, ತೊಳೆಸಿ ತರುವಷ್ಟರಲ್ಲಿ ಮಳೆಗಾಲ ಹತ್ತಿರ ಬಂದಿತ್ತು. ಚಿತ್ರಗಳನ್ನು ಕಂಡ ಆಯಿ ಬೆಚ್ಚಿದಳು. "ಎಲ್ಲರಿಗೂ ಬ್ರಹ್ಮರಾಕ್ಷಸ ಹೊಕ್ಕಂಗೆ ಇದ್ದು" ಎಂದಳು. ಅಂದು ಸಂಜೆಯೇ ಉಪ್ಪು, ಒಣಮೆಣಸು ನಿವಾಳಿಸಿ ಮಗುವಿನ ದೃಷ್ಟಿ ತೆಗೆದು, ಕೆನ್ನೆಯ ಮೇಲೆ ಎಂದಿಗಿಂತ ದೊಡ್ಡದಾದ ದೃಷ್ಟಿಬೊಟ್ಟನ್ನಿಟ್ಟಳು. ಊರಿಗೆ ಕಳಿಸಬೇಕಾದ ಚಿತ್ರಗಳ ಬಗೆಗೆ ನಮಗೆ ಸಂಕೋಚ. ಸಿ.ಡಿ.ಗಳ ಮೇಲೆ ಬರೆಯುವ ಕಪ್ಪು ಮಾರ್ಕರ್ ಪೆನ್ನೊಂದು ಮನೆಯಲ್ಲಿತ್ತು. ಅದರ ಮೊನೆಯಿಂದ ಒಂದೊಂದೇ ಪಾಪೆಗೆ ಚುಕ್ಕೆಯಿಟ್ಟೆವು. ಆಯಿಯ ಕಣ್ಣು, ಅತ್ತಿಗೆಯ ಕಣ್ಣು, ನೆರೆಯವರ ಕಣ್ಣು. ಕೊನೆಗೆ ಮಗುವಿನ ಎರಡು ಕಣ್ಣು. ಸಾಲಾಗಿ ಮಾಡುವ ಕೆಲಸದಲ್ಲಿ ಕೈ ಓಡುತ್ತದೆ, ಕಣ್ಣು ನಿಂತು ನೋಡುವುದಿಲ್ಲ.

ಶ್ರಾವಣದ ಹೊತ್ತಿಗೆ ಮಗುವಿನ ಎಡಗಣ್ಣು ಆಗಾಗ ಮೂಗಿನತ್ತ ಸರಿಯತೊಡಗಿತು. ಮೆಳ್ಳೆಗಣ್ಣು ಅದೃಷ್ಟವೆಂದು ಬಂದವರೆಲ್ಲ ಹೇಳಿದರು. ತೋರಿಸಿದ ಮೊದಲ ವೈದ್ಯರು ಬೆಳೆದಂತೆ ಸರಿಹೋಗುತ್ತದೆಂದರು. ನಮಗೂ ಬೇಕಾಗಿದ್ದುದು ಅದೇ ಮಾತು. ದೀಪಾವಳಿ ಕಳೆದ ಮೇಲೆ ಪನವೇಲಿನ ನೇತ್ರವೈದ್ಯರೊಬ್ಬರು ಕೋಣೆಯ ದೀಪ ಆರಿಸಿ, ಕೈಯಲ್ಲಿದ್ದ ಸಣ್ಣ ಉಪಕರಣದ ಬೆಳಕನ್ನು ಮಗುವಿನ ಕಣ್ಣಿಗೆ ಬಿಟ್ಟು, ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ ಮರಾಠಿಯಲ್ಲಿ, ಫ್ಲ್ಯಾಶ್ ಹಾಕಿ ತೆಗೆದ ಹಳೆಯ ಫೋಟೋ ಇದ್ದರೆ ತನ್ನಿರೆಂದರು. ಮರುದಿನ ಆಲ್ಬಮ್ ಒಯ್ದೆವು. ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊರಳಿಸಿ, ಕೇಳಿದರು:

"ಇದೇನು?"

"ಕಣ್ಣು ಕೆಂಪಾಗಿ ಬಂದಿತ್ತು ಡಾಕ್ಟರೇ. ಸರಿಮಾಡಿದೆವು."

"ಎರಡೂ ಕೆಂಪಾಗಿದ್ದವೇ?"

ನಮ್ಮಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ.

ಉತ್ತರ ಟ್ರಂಕಿನ ಲಕೋಟೆಯಲ್ಲಿತ್ತು. ನೆಗೆಟಿವ್‌ನಲ್ಲಿ ಬಣ್ಣಗಳೆಲ್ಲ ತಿರುವುಮುರುವು. ಕೆಂಪು ಹಸಿರು-ನೀಲಿಯ ಛಾಯೆಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಕಿಟಕಿಗೆ ಹಿಡಿದ ಆ ಪಟ್ಟಿಯಲ್ಲಿ ಮಗುವಿನ ಬಲಗಣ್ಣಿನ ಪಾಪೆ ತೆಳುವಾಗಿತ್ತು, ಎಡಗಣ್ಣಿನದು ದಟ್ಟ ಕಪ್ಪು. ಮತ್ತೆ ಪ್ರಿಂಟ್ ಹಾಕಿಸಿದಾಗ ಆ ಜಾಗದಲ್ಲಿ ಹಾಲಿನ ಹನಿಯಂಥ ಬಿಳುಪು ಕಂಡಿತು. ಅದೇ ಫಿಲ್ಮಿನ ಇನ್ನೆರಡು ಚಿತ್ರಗಳಲ್ಲೂ ಹಾಗೆಯೇ. ಬೆಳಕು ರಕ್ತದ ಪದರವನ್ನು ಮುಟ್ಟುವ ಮೊದಲೇ, ನಡುವೆ ಬೆಳೆದ ಗಡ್ಡೆಯೊಂದು ಅದನ್ನು ಬಿಳಿಯಾಗಿ ಹಿಂದಿರುಗಿಸಿತ್ತು.

ರೆಟಿನೋಬ್ಲಾಸ್ಟೋಮಾ ಎಂಬ ಆ ಹೆಸರನ್ನು ನಾವು ಮೊದಲು ಕೇಳಿದ್ದು ಆಗ. ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ಬೇಗ ತಿಳಿದರೆ ಔಷಧ, ಲೇಸರುಗಳಿಂದ ಕಣ್ಣನ್ನೇ ಉಳಿಸಿಕೊಳ್ಳುವುದುಂಟು. ತಡವಾದರೆ ಜೀವ ಉಳಿಸಲು ಕಣ್ಣನ್ನು ತೆಗೆಯಬೇಕಾಗುತ್ತದೆ. ಇನ್ನೂ ತಡವಾದರೆ ರೋಗ ಕಣ್ಣಿನ ನರದ ಗುಂಟ ಮಿದುಳಿನತ್ತ ಸಾಗುತ್ತದೆ. ಪನವೇಲಿನಿಂದ ಹಾರ್ಬರ್ ಲೈನಿನ ಗಾಡಿ, ಕುರ್ಲಾದಲ್ಲಿ ಬದಲು, ಪರೇಲಿನ ಟಾಟಾ ಆಸ್ಪತ್ರೆ. ಆ ಚಳಿಗಾಲವೆಲ್ಲ ನಮಗೆ ಇಷ್ಟೇ ಲೋಕ. ಮಗುವಿನ ಎಡಗಣ್ಣನ್ನು ತೆಗೆದರು. ಮಗು ಉಳಿಯಿತು.

ಬೇಸಿಗೆಯಲ್ಲೇ ಆ ಬಿಳುಪನ್ನು ಕಂಡಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು ಅಣ್ಣ ಒಮ್ಮೆ ಕೇಳಿದ್ದ. ಹಾಗೆ ಹೇಳಲು ಬಾರದೆಂದು ವೈದ್ಯರು ಉತ್ತರಿಸಿದರು. ಅದು ಸತ್ಯವೋ ಕರುಣೆಯೋ, ನಾವು ವಿಚಾರಿಸಲಿಲ್ಲ. ಮಾರ್ಕರ್ ಹಿಡಿದ ಕೈ ಯಾರದೆಂದು ಈ ಮನೆಯಲ್ಲಿ ಇಂದಿನವರೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಅಣ್ಣ-ಅತ್ತಿಗೆಯರು ಕೇಳಿಲ್ಲ. 'ನಾವು ಹಚ್ಚಿದೆವು' ಎಂದೇ ಮಾತು ರೂಢಿಯಾಗಿದೆ. ಈ ಬರಹದ ಬಹುವಚನವೂ ಅಲ್ಲಿಂದಲೇ ಬಂದದ್ದು. ಆದರೆ ಅಂಥ ಪೆನ್ನುಗಳು ಲೋಖಂಡ ಬಜಾರಿನ ಗೋದಾಮಿನಲ್ಲಿ ಇರುತ್ತಿರಲಿಲ್ಲ, ಸರಕಾರಿ ಕಚೇರಿಯಲ್ಲಿ ಇರುತ್ತಿದ್ದವು. ಇಷ್ಟನ್ನು ಇಲ್ಲಿ ಬರೆದಿಡಬಹುದು.

ಮುಂದೆ ಓದಿ ತಿಳಿದದ್ದೊಂದು: ಅಮೆರಿಕದ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯಾನ್ ಶಾ ಅವರ ಮಗನಿಗೂ ಇದೇ ರೋಗವಿತ್ತು. ಅವರು ಮನೆಯಲ್ಲಿದ್ದ ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದರು. ರೋಗ ಪತ್ತೆಯಾಗುವುದಕ್ಕೆ ಎಷ್ಟೋ ಮೊದಲು, ಮಗು ಹನ್ನೆರಡು ದಿನದ ಕೂಸಾಗಿದ್ದಾಗಿನ ಚಿತ್ರದಲ್ಲೇ ಬಿಳುಪು ಕಂಡಿತಂತೆ. 2013ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿ, ಮುಂದೆ ಸಂಗಡಿಗರೊಂದಿಗೆ ಸೇರಿ ಮೊಬೈಲಿನ ಚಿತ್ರಗಳಲ್ಲಿ ಬಿಳುಪನ್ನು ಹುಡುಕುವ ಆ್ಯಪ್ ಒಂದನ್ನು ರೂಪಿಸಿ ಉಚಿತವಾಗಿ ಹಂಚಿದರು. ತನ್ನ ಮನೆಯ ಆಲ್ಬಮ್ಮನ್ನು ಕಣ್ಣಿಟ್ಟು ನೋಡಿದ ಒಬ್ಬ ತಂದೆಯಿಂದ ಊರೂರಿನ ಮಕ್ಕಳಿಗೆ ಉಪಕಾರವಾಯಿತು.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಮಗು ಓರೆಯಾಗಿ ನೋಡುವಾಗ ಬೆಳಕು ಕಣ್ಣಿನ ನರದ ಬುಡಕ್ಕೆ ಬಿದ್ದರೆ ಆರೋಗ್ಯವಂತ ಕಣ್ಣೂ ಬಿಳಿಯಾಗಿ ಕಾಣಬಹುದು. ಕಣ್ಣಿನ ಪೊರೆ ಮೊದಲಾದ ಬೇರೆ ಕಾರಣಗಳೂ ಇವೆ. ಫೋಟೋ ಪರೀಕ್ಷೆಯಲ್ಲ. ಎರಡೂ ಕಣ್ಣು ಕೆಂಪಾಗಿ ಕಂಡ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಆದರೆ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬೆಳ್ಳಗಾಗಿ ಮತ್ತೆ ಮತ್ತೆ ಕಂಡರೆ, ಕಣ್ಣು ಹೊಸದಾಗಿ ಓರೆಯಾದರೆ, ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು. ಇಂದಿನ ಫೋನುಗಳು ಕತ್ತಲಲ್ಲೂ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯುತ್ತವೆ, ಕೆಂಪು ಕಂಡರೆ ಎಷ್ಟೋ ಆ್ಯಪ್‌ಗಳು ಕ್ಷಣದಲ್ಲಿ ಅಳಿಸಿಹಾಕುತ್ತವೆ. ನಮ್ಮ ಮಾರ್ಕರ್ ಪೆನ್ನಿಗಾದರೂ ಅಡಿಯಲ್ಲಿ ನೆಗೆಟಿವ್ ಒಂದು ಉಳಿದಿತ್ತು.

ಅಣ್ಣನ ಮಗಳಿಗೆ ಈಗ ಇಪ್ಪತ್ತು ದಾಟಿದೆ. ಅವಳ ಎಡಗಣ್ಣು ಕೃತಕವೆಂದು ಹೇಳದಿದ್ದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಫ್ಲ್ಯಾಶ್ ಹಾಕಿದರೆ ಮಾತ್ರ ಬಲಗಣ್ಣು ಕೆಂಪಾಗುತ್ತದೆ, ಎಡಗಣ್ಣು ಕಪ್ಪಾಗಿಯೇ ಇರುತ್ತದೆ. ಕಳೆದ ವರ್ಷ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ವಿಜಯಪುರದ ಕುಟುಂಬವೊಂದರ ಕೂಸಿಗೆ ತೊಟ್ಟಿಲು ಶಾಸ್ತ್ರವಾಯಿತು. ಎಲ್ಲರ ಕೈಯಲ್ಲೂ ಫೋನು. ಇವಳು ಮಾತ್ರ ನಮ್ಮ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಚಾರ್ಜು ಮಾಡಿ, ಕೆಂಪು ತೆಗೆಯುವ ಸೌಲಭ್ಯವನ್ನು ನಿಲ್ಲಿಸಿ, ಒಯ್ದಿದ್ದಳು. ಕೂಸಿನ ತಾಯಿ ಪರದೆಯಲ್ಲಿ ಚಿತ್ರ ನೋಡಿ, "ಅಯ್ಯ, ಕಣ್ಣು ಕೆಂಪಗ ಬಂದಾವಲ್ಲವಾ, ತಗದ ಬಿಡು" ಎಂದಳು.

"ಇರಲಿ ಅಕ್ಕಾ, ಚೆನ್ನಾಗಿವೆ" ಎಂದು ಇವಳು ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಿದಳು. ಅವಳ ಹೆಗಲ ಹಿಂದಿನಿಂದ ನಾವೂ ನೋಡಿದೆವು. ಎರಡೂ ಕೆಂಪಾಗಿದ್ದವು.