ರಾಯಚೂರಿನ ಬಿಸಿಲು ಮತ್ತು ನಾಲ್ಕು ಗಿಗಾಹರ್ಟ್ಸ್

ಕಂಪ್ಯೂಟರಿನ ಪ್ರೊಸೆಸರನ್ನ ಕಂಪನಿ ಹೇಳಿದ ವೇಗಕ್ಕಿಂತ ಜಾಸ್ತಿ ಓಡಿಸೋದಕ್ಕೆ ಓವರ್‌ಕ್ಲಾಕಿಂಗ್ ಅಂತಾರೆ. ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಕೆಲವರಿಗೆ ಇದೇ ಒಂದು ಹುಚ್ಚು. ಅವರ ಬಾಯಲ್ಲಿ 1998ರ ಇಂಟೆಲ್ ಸೆಲೆರಾನ್ 300ಎ ಕಥೆ ಪುರಾಣದ ಹಾಗೆ ಬರ್ತಿತ್ತು. ಬಸ್ ವೇಗ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದ್ರೆ ಸಾಕು, 300 ಮೆಗಾಹರ್ಟ್ಸಿನ ಎಷ್ಟೋ ಚಿಪ್ಪುಗಳು 450ರಲ್ಲಿ ಓಡ್ತಿದ್ವಂತೆ. ಅರ್ಧದಷ್ಟು ವೇಗ ಪುಕ್ಕಟೆ!

ಈಗ ಆ ಕಾಲ ಇಲ್ಲ ಬಿಡಿ. ಬೂಸ್ಟ್ ಅನ್ನೋ ಹೆಸರಲ್ಲಿ ತಯಾರಕರೇ ರಸ ಎಲ್ಲ ಹಿಂಡಿಬಿಟ್ಟಿರ್ತಾರೆ. ನಮಗೆ ಉಳಿಯೋದು ಗಾಣಕ್ಕೆ ಎರಡು ಸಲ ಕೊಟ್ಟ ಕಬ್ಬಿನ ಸಿಪ್ಪೆ. ಆದ್ರೂ ಕಳೆದ ಚಳಿಗಾಲದಲ್ಲಿ ನಾನೂ ಆ ಗಾಣಕ್ಕೆ ಕೈ ಹಾಕ್ದೆ. ಕಾರಣ ನನ್ನ ತಂಗಿ.

ಅವಳು ರಾಯಚೂರಿನ ಮನೇಲಿ ಕೂತು 3ಡಿ ಅನಿಮೇಶನ್ ಕಲೀತಾ ಇದ್ದಾಳೆ. ಮೇ ತಿಂಗಳೊಳಗೆ ಶೋರೀಲ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಬೇಕು. ಬೆಂಗಳೂರಲ್ಲಿ ನನ್ನ ಹತ್ರ ಇದ್ದ ರೈಜನ್ 5 3600 ಡೆಸ್ಕ್‌ಟಾಪನ್ನ ಅವಳಿಗೆ ಕಳಿಸೋದು ಅಂತ ತೀರ್ಮಾನ ಆಯ್ತು. ಅಪ್ಪನ ಆಪರೇಶನ್ ಆದ ವರ್ಷ. ಇದು ಸುಟ್ಟು ಹೋದ್ರೆ ಇನ್ನೊಂದು ತರೋ ಹಾಗಿಲ್ಲ. ಫೋನಲ್ಲಿ ಅವಳದು ಒಂದೇ ಬೇಡಿಕೆ: "ಅಣ್ಣಾ, ಅದು ಇನ್ನಾ ಜೋರ್ ಓಡಂಗ ಮಾಡಿ ಕಳಸ್ತಿ ಏನು?"

ಮಾಡೋದು ಕಷ್ಟ ಏನಲ್ಲ. ಬಯಾಸ್‌ಗೆ ಹೋಗಿ ಮಲ್ಟಿಪ್ಲೈಯರ್ 42 ಅಂತ ಇಟ್ರೆ, 100 ಮೆಗಾಹರ್ಟ್ಸ್ ಗುಣಿಸು 42, ಅಂದ್ರೆ ಆರೂ ಕೋರ್ 4.2 ಗಿಗಾಹರ್ಟ್ಸ್. ನನ್ನ ಚಿಪ್ಪು ಅಷ್ಟರಲ್ಲಿ ಹ್ಯಾಂಗ್ ಆಗದೆ ನಿಲ್ಲೋದಕ್ಕೆ 1.3 ವೋಲ್ಟ್ ಕೇಳ್ತು. ಬ್ಲೆಂಡರಿನಲ್ಲಿ ಅವಳದೇ ಒಂದು ದೃಶ್ಯ ರೆಂಡರ್ ಮಾಡಿ ನೋಡ್ದೆ. ಕಂಪನಿ ಸೆಟ್ಟಿಂಗಿನಲ್ಲಿ 43 ನಿಮಿಷ ಹಿಡಿದಿದ್ದು 40ಕ್ಕೆ ಇಳೀತು. ಉಷ್ಣಾಂಶ 78 ಡಿಗ್ರಿ. ಎಎಂಡಿ ಈ ಚಿಪ್ಪಿಗೆ ಕೊಟ್ಟಿರೋ ಗರಿಷ್ಠ ಮಿತಿ 95. ನೋಡಿದ್ರೆ ಬೇಕಾದಷ್ಟು ಜಾಗ ಇದೆ ಅನ್ಸುತ್ತೆ, ಅಲ್ವಾ?

ಆದ್ರೆ ಅವತ್ತು ನನ್ನ ರೂಮಿನ ಉಷ್ಣಾಂಶ 24. ಫ್ಯಾನ್ ಇರೋ ಯಾವ ಕೂಲರೂ ಪ್ರೊಸೆಸರನ್ನ ಕೋಣೆಯ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ. ಆರಲಿಕ್ಕೆ ಇಟ್ಟ ಚಹಾ ಕೋಣೆಗಿಂತ ತಣ್ಣಗಾಗುತ್ತಾ? ಹಾಗಾಗಿ ಲೆಕ್ಕಕ್ಕೆ ಬರೋದು 78 ಅಲ್ಲ, 78ರಲ್ಲಿ 24 ಕಳೆದು ಉಳಿದ 54. ರೂಮು ಎಷ್ಟೇ ಬಿಸಿ ಇರಲಿ, ಅದೇ ಕೆಲಸ ಅದೇ ವೋಲ್ಟೇಜಿಗೆ ಈ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಏಪ್ರಿಲ್ ಮಧ್ಯಾಹ್ನ ನಮ್ಮನೆಯ ನಡುಕೋಣೆ ಫ್ಯಾನ್ ಕೆಳಗೂ 38 ಡಿಗ್ರಿ. 38 ಕೂಡಿಸು 54, 92! ಮೇಲೆ ಧೂಳು ಬೇರೆ. ಶಕ್ತಿನಗರದಲ್ಲಿ ಒಂದು ಶಾಖೋತ್ಪನ್ನ ಕೇಂದ್ರ ಇರೋದು ಸಾಕು, ನಮ್ಮನೇಲಿ ಇನ್ನೊಂದು ಯಾಕೆ?

ಹಾಗಂತ ಇನ್ನೂ ದೊಡ್ಡ ಕೂಲರ್ ಕೊಳ್ಳಬೇಕಿಲ್ಲ. ಚಿಪ್ಪು ತಿನ್ನೋ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತೆ, ಆದ್ರೆ ವೋಲ್ಟೇಜಿನ ವರ್ಗಕ್ಕೆ ಏರುತ್ತೆ. ನಿಜವಾದ ಖರ್ಚು ಇರೋದು ಅಲ್ಲೇ. ಬಿಸಿಯ ಜೊತೆ ಹೆಚ್ಚಿನ ವೋಲ್ಟೇಜೂ ಸೇರಿದ್ರೆ ಚಿಪ್ಪಿನ ಆಯುಸ್ಸೇ ಕಮ್ಮಿ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಕೈಕೊಟ್ಟಾಗ, ಕಾರಣ ಮಿತಿಮೀರಿದ ವೋಲ್ಟೇಜ್ ಅಂತ ಇಂಟೆಲ್ಲೇ ಹೇಳ್ತು. ಆಮೇಲೆ ಬಂದ ಅಪ್‌ಡೇಟು ಚೆನ್ನಾಗಿದ್ದ ಚಿಪ್ಪನ್ನ ಕಾಪಾಡಬಹುದು, ಕೆಟ್ಟು ಹೋಗಿದ್ದನ್ನ ರಿಪೇರಿ ಮಾಡಲ್ಲ.

ಅದಕ್ಕೆ ಹಿಂದಕ್ಕೆ ಬರೋಕೆ ಶುರು ಮಾಡ್ದೆ. ವೇಗ 4 ಗಿಗಾಹರ್ಟ್ಸ್‌ಗೆ ಇಳಿಸಿ, ವೋಲ್ಟೇಜನ್ನ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡ್ತಾ, ಪ್ರತಿ ಸಲ ಪ್ರೈಮ್95 ಓಡಿಸಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಉಷ್ಣಾಂಶ ನೋಡ್ತಾ ಕೂತೆ. ಎರಡು ಶನಿವಾರ ಹೋಯ್ತು. ಕೊನೆಗೆ 1.1 ವೋಲ್ಟಿನಲ್ಲಿ ರಾತ್ರಿಯಿಡೀ ನಿಂತ್ಕೊಳ್ತು. ಕಾಗದದ ಮೇಲೆ ಲೆಕ್ಕ ಹಾಕಿದ್ರೆ ವಿದ್ಯುತ್ತು ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿ. ರೂಮು ಅದೇ 24 ಇದ್ದಾಗ ಪ್ರೊಸೆಸರ್ 61, ವ್ಯತ್ಯಾಸ 37. ರೆಂಡರ್ 42 ನಿಮಿಷ. 4.2ಕ್ಕಿಂತ ಎರಡು ನಿಮಿಷ ನಿಧಾನ, ಕಂಪನಿ ಸೆಟ್ಟಿಂಗಿಗಿಂತ ಒಂದು ನಿಮಿಷ ಬೇಗ. ಒಂದೇ ಕೋರಿನ ಕೆಲಸಕ್ಕೆ ಮೊದಲು ಸಿಗ್ತಿದ್ದ 4.2ರ ಬೂಸ್ಟ್ ಈಗ ಸಿಗಲ್ಲ, ನಿಜ. ಅವಳ ಕೆಲಸಕ್ಕೆ ಆರೂ ಕೋರ್ ಒಟ್ಟಿಗೆ ದುಡಿಯೋದು ಮುಖ್ಯ.

"ಎರಡ ನಿಮಿಷ ಲೇಟ್ ಆಗ್ತದ, ನಡೀತದಲ್ಲ?" ಅಂತ ಕೇಳ್ದೆ. "ಎರಡ ನಿಮಿಷದಾಗ ನಾ ಏನ್ ಊರು ಸುತ್ತಿ ಬರ್ತೀನಾ? ಕರೆಂಟ್ ಹೋದ್ರ ಯುಪಿಎಸ್ ಎಷ್ಟೊತ್ತು ಹಿಡೀತದ, ಅದನ್ನ ಹೇಳಣ್ಣಾ" ಅಂದ್ಲು. ಕಮ್ಮಿ ವಿದ್ಯುತ್ ತಿನ್ನೋದಕ್ಕೆ ಅಲ್ಲೂ ಲಾಭ. ಇದು ನಂಗೆ ಹೊಳೆದೇ ಇರಲಿಲ್ಲ ನೋಡಿ.

ಏಪ್ರಿಲ್ ಕೊನೇ ವಾರ ಫೋಟೋ ಕಳಿಸಿದ್ಲು. ಗೋಡೆಯ ಥರ್ಮಾಮೀಟರಿನಲ್ಲಿ 39, ಪರದೆಯ ಮೇಲೆ 77. ಕ್ಯಾಬಿನೆಟ್ಟಿನ ಜಾಲರಿಯನ್ನ ಹದಿನೈದು ದಿನಕ್ಕೊಮ್ಮೆ ಅವ್ವ ಬ್ರಶ್ಶಿಂದ ಒರೆಸ್ತಾಳಂತೆ. ಶೋರೀಲ್ ಮೇ ಎರಡನೇ ವಾರಕ್ಕೆ ಮುಗೀತು. ಎರಡು ಕಡೆ ಇಂಟರ್‌ವ್ಯೂ ಆಗಿದೆ, ಉತ್ತರಕ್ಕೆ ಕಾಯ್ತಾ ಇದ್ದೀವಿ.

ಓವರ್‌ಕ್ಲಾಕಿಂಗ್ ಪಾಠ ಬರೆಯೋರಲ್ಲಿ ತುಂಬಾ ಜನ ಇಪ್ಪತ್ತು, ಇಪ್ಪತ್ತೆರಡು ಡಿಗ್ರಿ ರೂಮಲ್ಲಿ ಕೂತು ಬರೀತಾರೆ. ಅವರ ಅಂಕಿಗಳನ್ನ ಹಾಗೇ ತಗೋಬೇಡಿ. ನಿಮ್ಮ ಮನೆಯ ಅತಿ ಬಿಸಿ ಮಧ್ಯಾಹ್ನ ಎಷ್ಟು ಅಂತ ಅಳೆದು, ಅದಕ್ಕೆ ನಿಮ್ಮ ವ್ಯತ್ಯಾಸ ಕೂಡಿಸಿ. ಉತ್ತರ 80ರೊಳಗೆ ಬಂದ್ರೆ ನಿಶ್ಚಿಂತೆಯಿಂದ ಮಲಗಬಹುದು ಅನ್ನೋದು ನನ್ನ ಲೆಕ್ಕ. ನಿಮ್ಮೂರಲ್ಲಿ ಎಷ್ಟು ಬರುತ್ತೆ, ಹೇಳ್ತೀರಾ?