ಒಳ್ಳೆಯ ಕಣ್ಣಿಗೆ ಪಟ್ಟಿ

ನನ್ನ ಮಗನ ಬಲಗಣ್ಣಿನ ಪೊರೆ ತೆಗೆದಾಗ ಅವನಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. "ಆಪರೇಷನ್ ಆಯ್ತಲ್ಲ, ಇನ್ನೇನು ಚಿಂತೆ?" ಎಂದು ಊರವರೆಲ್ಲ ಸಮಾಧಾನ ಹೇಳಿದರು. ವಯಸ್ಸಾದವರು ಪೊರೆ ತೆಗೆಸಿಕೊಂಡು ಬಂದು ನಾಲ್ಕು ದಿನದಲ್ಲಿ ಪೇಪರ್ ಓದುವುದನ್ನು ಕಂಡವರು ಅವರು. ಕೂಸಿನ ಕಣ್ಣಿನ ಲೆಕ್ಕವೇ ಬೇರೆ. ಪೊರೆ ಹೋದರೆ ಬೆಳಕು ಒಳಗೆ ಹೋಗಲು ದಾರಿಯಾಗುತ್ತದೆ, ಅಷ್ಟೆ. ಆ ಕಣ್ಣಿನಿಂದ ನೋಡುವುದನ್ನು ಮಿದುಳು ಆಮೇಲೆ ಕಲಿಯಬೇಕು.

2015ರ ಮಳೆಗಾಲ. ಸಾಗರದ ಹತ್ತಿರದ ತವರಿನಲ್ಲಿ ನನ್ನ ಬಾಣಂತನ. ಕೂಸಿಗೆ ಎಣ್ಣೆನೀರು ಹಾಕುತ್ತಿದ್ದ ಅಮ್ಮನಿಗೇ ಅದು ಮೊದಲು ಕಂಡದ್ದು. "ನೋಡೇ, ಇವನ ಪಾಪೆಯ ನಡುವೆ ಏನೋ ಬೆಳ್ಳಗಿದೆ" ಎಂದಳು. ಪೇಟೆಯ ಡಾಕ್ಟರೊಬ್ಬರು ಟಾರ್ಚ್ ಹಿಡಿದು ನೋಡಿ, "ಒಂದು ವರ್ಷ ಆಗಲಿ, ಇಷ್ಟು ಎಳೇ ಕೂಸಿಗೆ ಅರಿವಳಿಕೆ ಬೇಡ" ಎಂದರು. ಅವರ ಮಾತು ಕೇಳಿದ್ದರೆ ಆ ಕಣ್ಣು ಅಲ್ಲಿಗೇ ಮುಗಿಯುತ್ತಿತ್ತು. ಕಾಯಲು ಬಿಡದವಳು ನಮ್ಮೂರ ಆಶಾ ಕಾರ್ಯಕರ್ತೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಹುಟ್ಟಿನಿಂದ ಬರುವ ಕಣ್ಣಿನ ಪೊರೆ ಅದರ ತಪಾಸಣೆಯಲ್ಲಿ ಸೇರಿದೆ ಎಂಬುದು ಅವಳಿಗೆ ಗೊತ್ತಿತ್ತು. "ಬೆಂಗಳೂರಿಗೇ ಹೊರಡಿ ಅಕ್ಕಾ" ಎಂದು ಬಸ್ಸು ಹತ್ತಿಸಿದಳು.

ಅಷ್ಟರಲ್ಲಿ ಮನೆಯಲ್ಲಿ ಪ್ರಶ್ನೆಗಳು. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ? ನಾಗನಿಗೆ ಏನಾದರೂ ಆಗಿದೆಯಾ? ಅತ್ತೆ ಶಿರಸಿಯ ಮಾರಿಕಾಂಬೆಗೆ ಬೆಳ್ಳಿಯ ಕಣ್ಣು ಹರಕೆ ಹೇಳಿಕೊಂಡರು. ಅದಕ್ಕೆ ನಾನು ಬೇಡ ಎನ್ನಲಿಲ್ಲ, ಅವರಿಗೂ ಒಂದು ಆಸರೆ ಬೇಕಿತ್ತು. ಆದರೆ ಗ್ರಹಣದ ಮಾತು ನನ್ನನ್ನು ಸುಟ್ಟಿತು. ಬೆಂಗಳೂರಿನ ಡಾಕ್ಟರಮ್ಮ ರಕ್ತ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಒಂದೇ ಕಣ್ಣಿಗೆ ಬರುವ ಪೊರೆಗೆ ಹೆಚ್ಚಿನ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ, ತಾಯಿ ಮಾಡಿದ್ದು ಏನೂ ಇಲ್ಲ ಎಂದು ಅತ್ತೆಯ ಎದುರಿಗೇ ಹೇಳಿದರು. ಆ ಉಪಕಾರವನ್ನು ಮರೆಯಲಾರೆ.

ಅವರು ಇನ್ನೊಂದು ಉಪಕಾರ ಮಾಡಿದರು, ನಿಜವನ್ನು ಮೊದಲೇ ಹೇಳಿದರು. ಒಂದೇ ಕಣ್ಣಿನ ಪೊರೆಯಾದರೆ ಆರು ವಾರದೊಳಗೆ ತೆಗೆಯುವುದು ಒಳ್ಳೆಯದು; ತಡವಾದಷ್ಟೂ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ನಾಲ್ಕು ವಾರಕ್ಕಿಂತ ಮೊದಲೇ ತೆಗೆದರೆ ಮುಂದೆ ಗ್ಲಾಕೋಮಾ ಬರುವ ಭಯ ಹೆಚ್ಚು. ಆರು ವಾರ ಆಗಲೇ ದಾಟಿತ್ತು, ಇನ್ನು ತಡ ಮಾಡುವಂತಿರಲಿಲ್ಲ. ಕೃತಕ ಲೆನ್ಸನ್ನು ಆಗಲೇ ಒಳಗೆ ಕೂರಿಸಿಬಿಡಿ ಎಂದು ನನ್ನ ಗಂಡ ಕೇಳಿಕೊಂಡರು. ಡಾಕ್ಟರಮ್ಮ ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಒಂದು ಅಧ್ಯಯನದ ವಿಷಯ ತೆಗೆದರು. ಒಂದರಿಂದ ಆರು ತಿಂಗಳ, ಒಂದೇ ಕಣ್ಣಿಗೆ ಪೊರೆ ಬಂದ 114 ಕೂಸುಗಳು. ಅರ್ಧದಷ್ಟು ಕೂಸುಗಳಿಗೆ ಒಳಗೇ ಲೆನ್ಸ್, ಉಳಿದವಕ್ಕೆ ಹೊರಗಿನ ಕಾಂಟ್ಯಾಕ್ಟ್ ಲೆನ್ಸ್. ನಾಲ್ಕೂವರೆ ವರ್ಷಕ್ಕೆ ನೋಡಿದಾಗ ಎರಡೂ ಗುಂಪಿನ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಆದರೆ ಒಳಗೆ ಲೆನ್ಸ್ ಇಟ್ಟವರಲ್ಲಿ ಮೊದಲ ವರ್ಷದಲ್ಲೇ ಶೇ. 63 ಕೂಸುಗಳಿಗೆ ಮತ್ತೆ ಕಣ್ಣೊಳಗೆ ಆಪರೇಷನ್ ಬೇಕಾಯಿತು, ಇನ್ನೊಂದು ಗುಂಪಿನಲ್ಲಿ ಶೇ. 12. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಕಣ್ಣುಗುಡ್ಡೆ 23ರವರೆಗೆ ಬೆಳೆಯುತ್ತದಂತೆ. ಇವತ್ತು ಕೂರಿಸಿದ ಲೆನ್ಸಿನ ಪವರ್ ನಾಳೆಗೆ ಸರಿಹೋಗದು. ಕೊನೆಗೆ ಅವರು, "ಎರಡೂ ಗುಂಪಿನಲ್ಲಿ ಅರ್ಧದಷ್ಟು ಮಕ್ಕಳ ಆ ಕಣ್ಣು 6/60 ಅಥವಾ ಅದಕ್ಕಿಂತ ಕಡಿಮೆಯಲ್ಲೇ ನಿಂತಿತು" ಎಂದರು. ನನ್ನ ಗಂಡ ಎದ್ದು ಹೊರಗೆ ಹೋದರು. ನಾನು ಕೂತೇ ಇದ್ದೆ. ಉಳಿದ ಅರ್ಧದ ಬಗ್ಗೆ ಕೇಳಬೇಕಿತ್ತು ನನಗೆ.

ಆಪರೇಷನ್ನಿಗೆ ನಾಲ್ಕು ಗಂಟೆ ಮೊದಲು ಎದೆಹಾಲು ನಿಲ್ಲಿಸಿದರು. ಹಸಿದು ಕಿರುಚುವ ಕೂಸನ್ನು ಎತ್ತಿಕೊಂಡರೆ ಹಾಲು ತಾನಾಗಿ ಸುರಿಯುತ್ತದೆ. ಅಮ್ಮ ಅವನನ್ನು ನನ್ನಿಂದ ಇಸಿದುಕೊಂಡು ದೂರ ಹೋದಳು. ಒಳಗೆ ಏನು ಮಾಡಿದರೆಂದು ಡಾಕ್ಟರಮ್ಮ ಆಮೇಲೆ ಚಿತ್ರ ಬರೆದು ತೋರಿಸಿದರು. ಕೂಸಿನ ಪೊರೆ ಮೆತ್ತಗಿರುತ್ತದೆ. ದೊಡ್ಡವರದ್ದರಂತೆ ಪುಡಿ ಮಾಡಬೇಕಿಲ್ಲ, ಸಣ್ಣ ತೂತಿನಿಂದ ಕತ್ತರಿಸುತ್ತ ಹೀರಿಕೊಳ್ಳಬಹುದು. ದೊಡ್ಡವರಲ್ಲಿ ಹಿಂಬದಿಯ ತೆಳು ಕವಚವನ್ನು ಹಾಗೇ ಉಳಿಸುತ್ತಾರೆ. ಕೂಸುಗಳಲ್ಲಿ ಉಳಿಸಿದರೆ ಅದು ಬೇಗನೆ ಮತ್ತೆ ಮಂಜಾಗುವುದರಿಂದ, ನಡುವೆ ದುಂಡಗೆ ತೆರೆದು, ಹಿಂದಿನ ಲೋಳೆಯನ್ನೂ ಸ್ವಲ್ಪ ತೆಗೆಯುತ್ತಾರೆ. ಎಳೇ ಕಣ್ಣಿನ ಗೋಡೆ ಮೆತ್ತಗಾದ್ದರಿಂದ ಗಾಯಕ್ಕೆ ಹೊಲಿಗೆ ಹಾಕಲೇಬೇಕು.

ಪಕ್ಕದ ಹಾಸಿಗೆಯ ಕೂಸಿಗೆ ಎರಡೂ ಕಣ್ಣಿಗೆ ಪೊರೆ, ಹೃದಯದಲ್ಲೂ ತೊಂದರೆ. ತಾಯಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು, ಎರಡು ದಿನದ ಸಣ್ಣ ಜ್ವರ ಮತ್ತು ಗುಳ್ಳೆ ಎಂದುಕೊಂಡಿದ್ದಳಂತೆ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಲಸಿಕೆಯ ಬಗ್ಗೆ ಪುಕಾರು ಹಬ್ಬಿ ಹಿಂಜರಿದ ತಾಯಂದಿರಿಗೆಲ್ಲ ನಾನು ಆ ತಾಯಿ-ಕೂಸಿನ ಕಥೆ ಹೇಳಿದೆ.

ಆಮೇಲಿನದೇ ನಿಜವಾದ ಪಾಡು. ಮೆತ್ತನೆಯ ಸಿಲಿಕೋನ್ ಕಾಂಟ್ಯಾಕ್ಟ್ ಲೆನ್ಸ್, ಪವರ್ ಮೂವತ್ತರ ಹತ್ತಿರ. ಅದನ್ನೂ ದೂರಕ್ಕಲ್ಲ, ಹತ್ತಿರಕ್ಕೆ ಹೊಂದಿಸಿ ಕೊಟ್ಟಿದ್ದರು. ಎಳೇ ಕೂಸಿನ ಲೋಕವೆಲ್ಲ ತಾಯಿಯ ಮುಖದಷ್ಟು ದೂರದಲ್ಲೇ ಇರುತ್ತದಲ್ಲ. ಅವನನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಅಮ್ಮ ತಲೆ ಹಿಡಿದು, ನಾನು ರೆಪ್ಪೆ ಬಿಡಿಸಿ ಹಾಕಬೇಕು. ಕಣ್ಣುಜ್ಜಿದರೆ ಬಿದ್ದುಹೋಗುತ್ತಿತ್ತು. ತೊಟ್ಟಿಲ ಬಟ್ಟೆಯನ್ನೆಲ್ಲ ಕೊಡವಿ ಹುಡುಕುತ್ತಿದ್ದೆವು. ಹೊಸದು ತರಿಸುವುದು ಅಡಿಕೆ ಮಾರಿದ ದುಡ್ಡಿಗೆ ಸಣ್ಣ ಹೊರೆಯಲ್ಲ. ಬಲಗಣ್ಣು ನೋಡುವುದನ್ನು ಕಲಿಯಲೆಂದು ಒಳ್ಳೆಯ ಎಡಗಣ್ಣಿಗೆ ಪ್ಯಾಚ್. ಎಷ್ಟು ತಿಂಗಳ ಕೂಸೋ ದಿನಕ್ಕೆ ಅಷ್ಟು ಗಂಟೆ, ಎಂಟು ತಿಂಗಳಾದ ಮೇಲೆ ಎಚ್ಚರವಿರುವ ಹೊತ್ತಿನ ಅರ್ಧ. "ಚೆನ್ನಾಗಿರೋ ಕಣ್ಣಿಗೇ ಯಾಕಮ್ಮಾ ಮುಚ್ಚಿದ್ದೀಯ?" ಎಂದು ಬಸ್ಸಿನಲ್ಲಿ ಕೇಳದವರಿಲ್ಲ. ಪ್ಯಾಚ್ ಹಾಕಿದ ಕೂಡಲೇ ಅವನಿಗೆ ಲೋಕ ಮಬ್ಬಾಗುತ್ತಿತ್ತು. ಅಳುತ್ತಿದ್ದ, ಕಿತ್ತೆಸೆಯುತ್ತಿದ್ದ, ಕೆನ್ನೆಯೆಲ್ಲ ಕೆಂಪಗೆ ಕಿತ್ತುಹೋಗುತ್ತಿತ್ತು. ಕೈಗೆ ಕಾಲುಚೀಲ ಹಾಕಿ ಕಟ್ಟಿದ್ದೂ ಉಂಟು. ಅಷ್ಟು ಅಳಿಸುವುದು ಯಾವ ತಾಯಿಗೂ ಬೇಡ. ಆದರೂ ನಿಲ್ಲಿಸಲಿಲ್ಲ, ಏಕೆಂದರೆ ಆ ಅರ್ಧದ ಲೆಕ್ಕ ನನಗೆ ಗೊತ್ತಿತ್ತು. ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಸುಳ್ಳು ಹೇಳಿ ಕಳಿಸಿದ್ದರೆ, ಆರು ತಿಂಗಳಲ್ಲಿ ಫಲ ಕಾಣದೆ ನಾನು ಕೈಚೆಲ್ಲುತ್ತಿದ್ದೆ.

ಐದು ತುಂಬಿದ ಮೇಲೆ ಒಳಗೆ ಲೆನ್ಸ್ ಕೂರಿಸಿದರು. ಈಗ ಅವನ ಬಲಗಣ್ಣು 6/36. ಓದುವುದೆಲ್ಲ ಎಡಗಣ್ಣಿನಲ್ಲೇ, ಬಲಗಣ್ಣು ಒಂದಿಷ್ಟು ಓರೆಯಾಗಿದೆ. ಕ್ರಿಕೆಟ್ಟಿನಲ್ಲಿ ಹತ್ತಿರ ಬರುವ ಚೆಂಡಿನ ದೂರ ಅಂದಾಜಾಗದೆ ಕ್ಯಾಚು ಬಿಡುತ್ತಾನೆ, ಬೈಸಿಕೊಳ್ಳುತ್ತಾನೆ. ಆದರೆ ಎಡಗಣ್ಣು ಮುಚ್ಚಿ ನಿಲ್ಲಿಸಿದರೆ ಮನೆ ತುಂಬ ಓಡಾಡಬಲ್ಲ, ಎದುರಿಗೆ ಬಂದವರು ಯಾರೆಂದು ಹೇಳಬಲ್ಲ. ಆ ಒಳ್ಳೆಯ ಕಣ್ಣಿಗೆ ಪೆಟ್ಟಾಗದಿರಲಿ ಎಂದು ಒಡೆಯದ ಗಾಜಿನ ಕನ್ನಡಕ ಸದಾ ಹಾಕಿರುತ್ತಾನೆ.

ಗ್ಲಾಕೋಮಾದ ಭಯ ಇಂಥ ಕಣ್ಣಿಗೆ ಜೀವನವಿಡೀ ಇದ್ದದ್ದೇ. ಈಚಿನ ತಪಾಸಣೆಯಲ್ಲಿ ಕಣ್ಣೊಳಗಿನ ಒತ್ತಡ ಸ್ವಲ್ಪ ಏರಿತ್ತು, ಬೆಳಗ್ಗೆ ಸಂಜೆ ಹನಿ ಬರೆದುಕೊಟ್ಟಿದ್ದಾರೆ. ದಸರಾ ರಜೆಯಲ್ಲಿ ಮತ್ತೆ ಬೆಂಗಳೂರಿಗೆ ಹೋಗಬೇಕು.