ಮಾವನ ಮೈಲಿಗಳು

ಒಬ್ಬರು ಗಳಿಸಿದ ಪುಣ್ಯವನ್ನು ಇನ್ನೊಬ್ಬರಿಗೆ ಧಾರೆಯೆರೆದು ಕೊಡಬಹುದೆಂಬುದು ಪುರಾಣ ಕೇಳಿದವರಿಗೆಲ್ಲ ತಿಳಿದ ಸಂಗತಿ. ತಪಸ್ಸು ಮಾಡಿದವನೊಬ್ಬ, ಸ್ವರ್ಗ ಕಂಡವನು ಮತ್ತೊಬ್ಬ. ಚಿಕ್ಕಂದಿನಲ್ಲಿ ಅಜ್ಜಿ ಇಂಥ ಕಥೆಗಳನ್ನು ಹೇಳುವಾಗ, ಇದು ಯಾವ ನ್ಯಾಯವೆಂದು ನಾನು ವಾದಕ್ಕೆ ನಿಲ್ಲುತ್ತಿದ್ದೆನು. ಈಗ ವಾದಿಸುವ ಬಾಯಿ ನನಗೆ ಉಳಿದಿಲ್ಲ. 2024ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ನನ್ನ ಸೋದರಮಾವನ ಪುಣ್ಯದಿಂದ ನಾನು ಷಿಕಾಗೋ ನಗರದಿಂದ ಬೆಂಗಳೂರಿನವರೆಗೆ ಆಕಾಶಮಾರ್ಗದಲ್ಲಿ ಮಲಗಿಕೊಂಡು ಬಂದೆನು.

ಮಾವನ ಪುಣ್ಯಕ್ಕೆ ಈ ಕಾಲದಲ್ಲಿ ಮೈಲಿಯೆಂದು ಹೆಸರು. ಮತ್ತೆ ಮತ್ತೆ ತಮ್ಮಲ್ಲಿಗೇ ಬರುವ ಪ್ರಯಾಣಿಕರ ಹೆಸರಿನಲ್ಲಿ ವಿಮಾನದ ಕಂಪನಿಗಳು ಒಂದು ಖಾತೆ ತೆರೆದು, ಅವರು ಹಾರಿದ ದೂರವನ್ನು ಜಮೆ ಬರೆದುಕೊಳ್ಳುವ ಪದ್ಧತಿಯೊಂದುಂಟು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಇದನ್ನು ಪ್ರಾರಂಭಿಸಿದ ಮೇಲೆ ಉಳಿದ ದೊಡ್ಡ ಕಂಪನಿಗಳೂ ಅದೇ ಜಾಡು ಹಿಡಿದುವು. ಈಚೆಗೆ ಅನೇಕರು ದೂರಕ್ಕೆ ಬದಲಾಗಿ ತೆತ್ತ ಹಣವನ್ನೇ ಎಣಿಸುತ್ತಾರೆ. ಹೆಸರು ಮಾತ್ರ ಮೈಲಿಯಾಗಿಯೇ ಉಳಿದಿದೆ. ಜಮೆ ಸಾಕಷ್ಟು ಬೆಳೆದಾಗ ಅದನ್ನು ಕೊಟ್ಟು ಟಿಕೆಟ್ಟು ಪಡೆಯಬಹುದು. ಬೇಕಾದರೆ ಬಂಧುಗಳಿಗೂ ಕೊಡಿಸಬಹುದು. ತೆರಿಗೆಯನ್ನು ಮಾತ್ರ ಕೈಯಿಂದ ಕಟ್ಟಬೇಕು.

ನನ್ನ ಮಾವ ಮೈಸೂರಿನವರು. ಕಾಗದದ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಕೂಡಿಸಿ, ಅವು ಸರಿಯಾಗಿ ತಿರುಗುವವರೆಗೆ ಅಲ್ಲಿದ್ದು ಬರುವುದು ಅವರ ಕೆಲಸವಾಗಿದ್ದಿತು. ಹೀಗೆ ಹದಿನಾಲ್ಕು ವರ್ಷ ಅವರು ದೇಶದೇಶ ಸುತ್ತಿದರು. ಸುತ್ತಿದರೆಂದರೆ ಊರು ನೋಡಿದರೆಂದಲ್ಲ. ಕಾರ್ಖಾನೆ, ಕೋಣೆ, ವಿಮಾನ ನಿಲ್ದಾಣ, ಇಷ್ಟೇ. ಪ್ರಯಾಣವೆಲ್ಲ ವಿಮಾನದ ಹಿಂಭಾಗದ ಎಕಾನಮಿ ಕ್ಲಾಸಿನಲ್ಲಿ, ಮುಂದಿನವನ ಬೆನ್ನಿಗೆ ಮೊಣಕಾಲು ತಾಗಿಸಿಕೊಂಡು. ಮಗ ಹುಟ್ಟಿದ ದಿನ ಅವರು ಬ್ರೆಜಿಲಿನಲ್ಲಿದ್ದರು. ಅವನ ಅಕ್ಷರಾಭ್ಯಾಸದ ದಿನ ಫಿನ್ಲೆಂಡಿನಲ್ಲಿದ್ದರು. ಒಮ್ಮೆ ಮಾವ ತಮ್ಮ ಖಾತೆಯ ಮೊತ್ತವನ್ನು ಹೆಮ್ಮೆಯಿಂದ ಓದಿ ಹೇಳುತ್ತಿದ್ದಾಗ, ಬೀನ್ಸು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆಯೇ, “ಮೈಲಿಗಳ ಲೆಕ್ಕ ನಿಮ್ಮ ಹತ್ತಿರ ಇದೆ, ರಾತ್ರಿಗಳ ಲೆಕ್ಕ ನನ್ನ ಹತ್ತಿರ ಇದೆ” ಎಂದರು. ಆಗ ನಾವೆಲ್ಲ ನಕ್ಕೆವು.

ನಿವೃತ್ತರಾದ ಮೇಲೆ, ಆ ಮೈಲಿಗಳಿಂದಲೇ ಅತ್ತೆಗೆ ಆಲ್ಪ್ಸ್ ಪರ್ವತಗಳನ್ನು ತೋರಿಸಬೇಕೆಂದು ಮಾವ 2020ರ ಬೇಸಗೆಗೆ ಟಿಕೆಟ್ಟು ಮಾಡಿಸಿದರು. ಆ ಬೇಸಗೆಯಲ್ಲಿ ಕೋವಿಡ್ ಬಂದು ಲೋಕದ ವಿಮಾನಗಳೆಲ್ಲ ನೆಲ ಹಿಡಿದುವು. ಮೈಲಿಗಳು ಖಾತೆಗೆ ಹಿಂದಿರುಗಿದುವು. ಮರುವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಅಜ್ಜಿಯೆಂದರೆ ಮಾವನ ತಾಯಿ, ನನ್ನ ಅಮ್ಮನ ತಾಯಿ. ಅಮ್ಮ ಹಾಸನದಲ್ಲಿ ಉಪಾಧ್ಯಾಯಿನಿ. ರಜ ಸಿಕ್ಕಾಗ ಬಂದು ಹೋಗುತ್ತಿದ್ದಳು. ಉಳಿದ ದಿನಗಳೆಲ್ಲ ಅತ್ತೆಯವು. ಹಾಗಾಗಿ ಆಲ್ಪ್ಸ್ ಪರ್ವತಗಳು ತಮ್ಮ ಸ್ಥಳದಲ್ಲಿಯೇ ಉಳಿದುವು, ಮೈಲಿಗಳು ಖಾತೆಯಲ್ಲಿ ಉಳಿದುವು.

ಪುಣ್ಯಕ್ಕೆ ಅವಧಿಯಿದೆಯೋ ಇಲ್ಲವೋ ನಾನರಿಯೆ. ಆ ಮೈಲಿಗಳಿಗೆ ಇದ್ದಿತು. ವರ್ಷದ ಕೊನೆಗೆ ಅವು ಲುಪ್ತವಾಗುತ್ತವೆಂದು ತಿಳಿದಾಗ, “ಹುಡುಗಿ ಎರಡು ವರ್ಷದಿಂದ ಮನೆಗೆ ಬಂದಿಲ್ಲ. ಅವಳಾದರೂ ಕಾಲು ನೀಡಿಕೊಂಡು ಬರಲಿ” ಎಂದವರು ಅತ್ತೆಯೇ. ನಾನು ಬೇಡವೆಂದೆ. ಮಲಗಲು ಮಂಚವೂ ಇಲ್ಲದೆ ನೆಲದ ಮೇಲೆ ಹಾಸಿಕೊಂಡು ಓದುತ್ತಿರುವ ವಿದ್ಯಾರ್ಥಿನಿಗೆ ಬಿಸಿನೆಸ್ ಕ್ಲಾಸು ಏತಕ್ಕೆ? ಅತ್ತೆ ಒಪ್ಪಲಿಲ್ಲ. ಒಂದೇ ಒಂದು ಕರಾರು ಹಾಕಿದರು: “ಬಂದ ಮೇಲೆ ಎಲ್ಲವನ್ನೂ ನನಗೆ ಹೇಳಬೇಕು. ಒಂದನ್ನೂ ಬಿಡಬಾರದು.” ಎಂಬತ್ತೇಳು ಸಾವಿರ ಮೈಲಿ ಕಳೆದು, ನನ್ನ ಹೆಸರಿಗೆ ಒಂದು ಟಿಕೆಟ್ಟು ಬಂದಿತು.

ಷಿಕಾಗೋದಲ್ಲಿ ವಿಮಾನ ಹತ್ತುವ ಮುನ್ನ ಕುಳಿತುಕೊಳ್ಳಲು ಪ್ರತ್ಯೇಕವಾದ ವಿಶ್ರಾಂತಿಗೃಹ. ಅಲ್ಲಿ ಊಟ ಉಪಾಹಾರಗಳಿಗೆ ಹಣವಿಲ್ಲ. ಇದನ್ನು ತಿಳಿದೊಡನೆ ನನ್ನ ಕೈ ತಾನಾಗಿಯೇ ಎರಡು ಸೇಬುಗಳನ್ನು ಚೀಲಕ್ಕೆ ಸೇರಿಸಿತು. ಓದುಗರು ನಗಬಾರದು, ವಿದ್ಯಾರ್ಥಿಜೀವನದ ಅಭ್ಯಾಸಗಳು ಟಿಕೆಟ್ಟು ಬದಲಾದೊಡನೆ ಬದಲಾಗುವುದಿಲ್ಲ. ವಿಮಾನದೊಳಗೆ ನನ್ನ ಆಸನದ ಪಕ್ಕದಲ್ಲಿ ಹತ್ತಾರು ಗುಂಡಿಗಳಿದ್ದುವು. ದೀಪ ಹೊತ್ತಿಸಲೆಂದು ಒಂದನ್ನು ಒತ್ತಿದೆನು. ಕಾಲ ಕೆಳಗಿನಿಂದ ಮಣೆಯೊಂದು ಎದ್ದಿತು, ಬೆನ್ನ ಹಿಂದಿನ ಆಸರೆ ಇಳಿಯಿತು. ಗಗನಸಖಿ ಹೆಸರು ಕೇಳಿ ವಂದಿಸಲು ಬಂದಾಗ ನಾನು ಬೂಟುಗಾಲಿನಲ್ಲಿಯೇ ಅನಂತಶಯನನಾಗಿದ್ದೆನು. ಆಕೆ ನಗಲಿಲ್ಲ, ನಗದಿರುವುದೇ ಆ ತರಗತಿಯ ಮರ್ಯಾದೆಯೆಂದು ತೋರುತ್ತದೆ.

ಬಿಳಿಯ ವಸ್ತ್ರ ಹಾಸಿ, ಪಿಂಗಾಣಿಯ ತಟ್ಟೆಯಲ್ಲಿ ಊಟ ಬಡಿಸಿದರು. ಮೊದಲು ಬಂದ ನಾಲ್ಕು ಎಲೆ ಸೊಪ್ಪನ್ನೇ ಊಟವೆಂದು ತಿಳಿದು ನಾನು ಸೇಬಿಗೆ ಕೈಹಾಕುವುದರಲ್ಲಿದ್ದೆನು; ಅಷ್ಟರಲ್ಲಿ ನಿಜವಾದ ಊಟ ಬಂದಿತು. ಊಟವಾದ ಮೇಲೆ ಆಸನ ಹಾಸಿಗೆಯಾಯಿತು. ಪೂರ್ತಿ ಚಪ್ಪಟೆಯಾಗುವ ಈ ಹಾಸಿಗೆ ಬಿಸಿನೆಸ್ ಕ್ಲಾಸಿಗೆ ಬಂದದ್ದು 2000ನೆಯ ಇಸವಿಯಲ್ಲಿ, ಬ್ರಿಟಿಷ್ ಏರ್‌ವೇಸ್ ಕಂಪನಿಯ ವಿಮಾನಗಳಲ್ಲಿ. ಈಗ ದೂರದ ಹಾದಿಗಳಲ್ಲಿ ಅದು ಸಾಮಾನ್ಯವಾಗಿದೆ. ಅಟ್ಲಾಂಟಿಕ್ ಸಾಗರವನ್ನು ನಾನು ನೋಡಲೇ ಇಲ್ಲ. ಕಣ್ಣು ಬಿಟ್ಟಾಗ ಯುರೋಪು ಬಂದಿದ್ದಿತು.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಾಯಿಸಬೇಕಾಗಿದ್ದಿತು. ಬೆಂಗಳೂರಿನ ವಿಮಾನಕ್ಕಾಗಿ ಕಾಯುವ ಸ್ಥಳದಲ್ಲಿ ನಾನು ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿರಲು, ಪಕ್ಕದಲ್ಲಿದ್ದ ವೃದ್ಧೆಯೊಬ್ಬರು, “ನೀನು ಕನ್ನಡದವಳೇ ಮಗು?” ಎಂದು ಕೇಳಿದರು. ತಿಪಟೂರಿನ ಕಡೆಯವರು. ಸೊಸೆಯ ಬಾಣಂತನಕ್ಕೆಂದು ಗಂಡಹೆಂಡಿರು ಅಮೆರಿಕಕ್ಕೆ ಹೋಗಿ, ಐದು ತಿಂಗಳಿದ್ದು ಹಿಂದಿರುಗುತ್ತಿದ್ದರು. ಆಕೆಯ ಪಾದಗಳೆರಡೂ ಊದಿ, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗಿದ್ದಿತು. “ಕೂತು ಕೂತು ಹೀಗಾಗಿದೆ. ಇನ್ನೊಂದು ಇದೆಯಲ್ಲ ಇಷ್ಟೇ ಉದ್ದದ್ದು” ಎಂದರು. ನಾವು ಮಗುವಿನ ಹೆಸರು, ಎಣ್ಣೆನೀರು, ಅಲ್ಲಿಯ ಹಿಮ, ಇವನ್ನೆಲ್ಲ ಮಾತಾಡಿದೆವು. ಅಷ್ಟರಲ್ಲಿ ಬಿಸಿನೆಸ್ ಕ್ಲಾಸಿನವರು ಬರಬಹುದೆಂದು ಕೂಗಿದರು. ನಾನು ಎದ್ದೆನು. “ನೀನು ಮೊದಲೇ ಹೋಗುತ್ತೀಯಾ? ಹೋಗು ಮಗು” ಎಂದರು ಆಕೆ. ಅದರಲ್ಲಿ ಅಸೂಯೆಯಿಲ್ಲ, ಆಶ್ಚರ್ಯವೂ ಇಲ್ಲ. ನನಗೇ ಟಿಕೆಟ್ಟನ್ನು ಮುಚ್ಚಿಟ್ಟುಕೊಳ್ಳಬೇಕೆನಿಸಿತು.

ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಅವರನ್ನು ಮಾತಾಡಿಸೋಣವೆಂದು ಪರದೆಯನ್ನು ಸರಿಸಿ ಹಿಂದಕ್ಕೆ ಹೋದೆನು. ವಿಮಾನ ಮೂವತ್ತೈದು ಸಾವಿರ ಅಡಿಗೂ ಮೇಲೆ ಹಾರುತ್ತಿರುವಾಗ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಆದರೂ ಅದು ಆರರಿಂದ ಎಂಟು ಸಾವಿರ ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗಿ, ಬಹಳ ಒಣಗಿ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು ಆರು ಸಾವಿರದ ಮುನ್ನೂರು ಅಡಿ. ಪರದೆಯ ಈಚೆಗೂ ಆಚೆಗೂ ಗಾಳಿ ಒಂದೇ. ಕಾಲು ನೀಡುವ ಸ್ಥಳ ಮಾತ್ರ ಬೇರೆ. ಆಕೆ ಮೂರು ಜನರ ಸಾಲಿನ ನಡುವೆ ಕುಳಿತಿದ್ದರು. ಗಂಡನ ತಲೆ ಆಕೆಯ ಭುಜದ ಮೇಲೆ. ಅವರಿಗೆ ಎಚ್ಚರವಾದೀತೆಂದು ಆಕೆ ಅಲುಗದೆ, ಕಾಲುಗಳನ್ನು ಕೈಚೀಲದ ಮೇಲಿಟ್ಟುಕೊಂಡು ಎಚ್ಚರವಾಗಿದ್ದರು. “ಇನ್ನೆಷ್ಟು ಹೊತ್ತು?” ಎಂದು ಮೆಲ್ಲಗೆ ಕೇಳಿದರು. ಇನ್ನು ಐದು ಗಂಟೆಯೆಂದೆನು.

ಹಿಂದಿರುಗಿ ಬರುವಾಗ ನನಗೊಂದು ಆಲೋಚನೆ ಬಂದಿತು. ಗಗನಸಖಿಯನ್ನು ಕೇಳಿ, ಆಕೆಯನ್ನು ನನ್ನ ಸ್ಥಳದಲ್ಲಿ ಮಲಗಿಸಿ, ನಾನು ಅಲ್ಲಿ ಕುಳಿತರೆ? ನಿಯಮ ಒಪ್ಪದಿರಬಹುದು. ಒಪ್ಪಿದರೂ ಆಕೆ ಗಂಡನನ್ನು ಬಿಟ್ಟು ಬರಲಾರರು. ಬಂದರೂ ಈ ಗುಂಡಿಗಳು ಆಕೆಗೆ ತಿಳಿಯವು. ಅದೂ ಅಲ್ಲದೆ, ಇದು ಅತ್ತೆ ನನಗೆಂದು ಕೊಟ್ಟದ್ದು. ಅವರಿಗೆ ಎಲ್ಲವನ್ನೂ ವರದಿ ಮಾಡಬೇಕಲ್ಲ! ಮನಸ್ಸು ಬೇಡವೆಂದು ಮೊದಲೇ ತೀರ್ಮಾನಿಸಿಕೊಂಡಾಗ ಕಾರಣಗಳು ಕರೆಯದೆಯೇ ಬರುತ್ತವೆ. ಒಂದು ಗಳಿಗೆ ಒರಗಿ ಯೋಚಿಸೋಣವೆಂದು ಗುಂಡಿಯನ್ನು ಒತ್ತಿದೆನು. ಈ ಬಾರಿ ಸರಿಯಾದ ಗುಂಡಿಯನ್ನೇ ಒತ್ತಿದ್ದೆನು. ಎಚ್ಚರವಾದಾಗ ದೀಪಗಳು ಹೊತ್ತಿದ್ದುವು. ವಿಮಾನ ಅರಬ್ಬೀ ಸಮುದ್ರದ ಮೇಲಿದ್ದಿತು. ಕಾಫಿಯ ವಾಸನೆ ಬರುತ್ತಿದ್ದಿತು.

ದೇವನಹಳ್ಳಿಯ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗಾಗಿ ಕಾಯುತ್ತಿರುವಾಗ ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ನನ್ನನ್ನು ಕಂಡು ಮುಖವರಳಿಸಿ, “ಚೆನ್ನಾಗಿ ನಿದ್ದೆ ಬಂತೇ ಮಗು?” ಎಂದರು. ಆ ಪ್ರಶ್ನೆಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಮರುದಿನ ಮೈಸೂರಿನಲ್ಲಿ, ಅಜ್ಜಿ ಮಲಗಿದ್ದ ಕೋಣೆಯ ಹೊಸ್ತಿಲಲ್ಲಿ ಕುಳಿತು ಅತ್ತೆಗೆ ವರದಿ ಒಪ್ಪಿಸಿದೆನು. ಅನಂತಶಯನದ ಕಥೆಗೆ ಅತ್ತೆ ಕಣ್ಣೀರು ಬರುವಷ್ಟು ನಕ್ಕರು. ಸೇಬುಗಳನ್ನು ಮಾವನಿಗೆ ಕೊಟ್ಟೆನು, “ನನ್ನ ಎಂಬತ್ತೇಳು ಸಾವಿರ ಮೈಲಿಗೆ ಎರಡು ಹಣ್ಣು!” ಎಂದು ಅವರು ಅವನ್ನು ತೂಗಿ ನೋಡಿದರು. ಒಂದನ್ನೂ ಬಿಡಬಾರದೆಂಬ ಕರಾರಿದ್ದುದರಿಂದ ತಿಪಟೂರಿನ ಆ ತಾಯಿಯ ಸಂಗತಿಯನ್ನೂ ಹೇಳಿದೆನು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಾಗ ಬಿಟ್ಟುಕೊಡಬೇಕಾಗಿತ್ತೆಂದು ನಾನು ಹೇಳುವುದಿಲ್ಲ. ನೀನು ಮಲಗಲೆಂದೇ ನಾವು ಕೊಟ್ಟದ್ದು. ಆದರೆ ಕೇಳಬಹುದಾಗಿತ್ತು. ಆಕೆ ಬೇಡ ಎನ್ನುತ್ತಿದ್ದರು, ಇಲ್ಲವೆ ಆ ಹುಡುಗಿ ಆಗದು ಎನ್ನುತ್ತಿದ್ದಳು. ಯಾರೋ ಒಬ್ಬರು ಕೇಳಿದರಲ್ಲ ಎಂಬ ಸಮಾಧಾನವಾದರೂ ಆಕೆಗೆ ಇರುತ್ತಿತ್ತು” ಎಂದರು.

ಹೇಳಿ, ಅಜ್ಜಿಯನ್ನು ಮಗ್ಗುಲು ಬದಲಾಯಿಸಲು ಎದ್ದುಹೋದರು. ಆ ಮಾತು ತಿಪಟೂರಿನವರದು ಮಾತ್ರವಲ್ಲವೆಂದು ನನಗೆ ಹೊಳೆಯಲು ರಾತ್ರಿಯಾಗಬೇಕಾಯಿತು. ಮೂರು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಬೆಳಗ್ಗೆ ನಾನು ಕೇಳಿದೆನು: “ಅತ್ತೆ, ಹತ್ತು ದಿನ ಅಜ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ. ನೀವೂ ಮಾವನೂ ಎಲ್ಲಿಗಾದರೂ ಹೋಗಿಬನ್ನಿ.” ಅವರು, ಅಜ್ಜಿ ಒಪ್ಪುವುದಿಲ್ಲವೆಂದರು, ಔಷಧದ ಹೊತ್ತು ನಿನಗೆ ತಿಳಿಯದೆಂದರು, ರಜಕ್ಕೆ ಬಂದವಳನ್ನು ದುಡಿಸಿದರೆ ನಿನ್ನ ಅಮ್ಮ ಏನೆಂದಾಳು ಎಂದರು. ನಾನು ಎರಡನೆಯ ಸಲ ಕೇಳಿದೆನು. ಮೂರನೆಯ ಸಲ ಕೇಳಿದಾಗ ಅತ್ತೆ, ಧಾರವಾಡದ ತಮ್ಮ ಅಕ್ಕನ ಮನೆಯನ್ನು ನೋಡಿ ನಾಲ್ಕು ವರ್ಷವಾಯಿತೆಂದರು. ಆಲ್ಪ್ಸ್ ಪರ್ವತಗಳ ಮಾತೆತ್ತಲಿಲ್ಲ. ರಾತ್ರಿಯ ರೈಲಿನಲ್ಲಿ ಇಬ್ಬರೂ ಹೊರಟರು.

ಎರಡು ಗಂಟೆಗೊಮ್ಮೆ ಅಜ್ಜಿಯ ಮಗ್ಗುಲು ಬದಲಾಯಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಡುವೆ ನೀರು, ಬಟ್ಟೆ, ಹೊದಿಕೆ. ಕತ್ತಲಲ್ಲಿ ಅಜ್ಜಿ ನನ್ನನ್ನು ಅತ್ತೆಯೆಂದೇ ತಿಳಿದು ಅವರ ಹೆಸರು ಹಿಡಿದು ಕರೆಯುತ್ತಿದ್ದಳು, ನಾನು ಓಗೊಡುತ್ತಿದ್ದೆನು. ಮೂರನೆಯ ರಾತ್ರಿ, ಗೋಡೆಗೊರಗಿ ಕುಳಿತು ಮುಂದಿನ ಗಡಿಯಾರದ ಶಬ್ದಕ್ಕೆ ಕಾಯುತ್ತಿರುವಾಗ, ಇನ್ನೆಷ್ಟು ಹೊತ್ತು ಎಂಬ ಪ್ರಶ್ನೆ ನನ್ನ ಬಾಯಿಗೂ ಬಂದಿತು.

ಹನ್ನೊಂದನೆಯ ದಿನ ಅತ್ತೆ ಫೇಡೆಯ ಪೊಟ್ಟಣದೊಡನೆ ಹಿಂದಿರುಗಿದರು. ಮುಖ ತಿಳಿಯಾಗಿದ್ದಿತು. ರೈಲಿನಲ್ಲಿ ನಿದ್ದೆ ಬಂತೇ ಎಂದು ಕೇಳಿದೆನು. “ಮಲಗಿದ್ದೊಂದೇ ಗೊತ್ತು, ಎದ್ದಾಗ ಮೈಸೂರು” ಎಂದರು.

ಮಾವನ ಖಾತೆಯಲ್ಲಿ ಈಗ ಉಳಿದಿರುವುದು ಎರಡು ಸಾವಿರ ಚಿಲ್ಲರೆ ಮೈಲಿ. ಅತ್ತೆಯ ಲೆಕ್ಕದಲ್ಲಿ ನನ್ನ ಹೆಸರಿಗೆ ಹತ್ತು ರಾತ್ರಿ ಜಮೆಯಾಗಿದೆ. ಬಾಕಿ ಇನ್ನೂ ಬಹಳವಿದೆ.